ಅವ್ವನಿಗೆ ಓದಿ ಹೇಳಿದ ಸುಳ್ಳುಗಳು

ಮಕ್ಕಳ ಪುಸ್ತಕ ಬರೆಯುವವಳೆಂದು ಯಾವುದಾದರೂ ಶಾಲೆಗೆ ಕರೆದರೆ ನನಗೆ ಬರುವ ಮೊದಲ ಪ್ರಶ್ನೆ ಒಂದೇ: ನೀವು ಬರೆಯಲು ಶುರುಮಾಡಿದ್ದು ಹೇಗೆ? ಚಿಕ್ಕಂದಿನಲ್ಲಿ ತುಂಬ ಓದುತ್ತಿದ್ದೆ ಎನ್ನುತ್ತೇನೆ. ಟೀಚರುಗಳು ಖುಷಿಯಿಂದ ತಲೆಯಾಡಿಸುತ್ತಾರೆ. ಅದೇನೂ ಸುಳ್ಳಲ್ಲ. ಆದರೆ ನಾನು ಓದುತ್ತಿದ್ದುದು ಪುಸ್ತಕಗಳನ್ನಲ್ಲ, ತಿರುವನಂತಪುರದ ಗೋಡೆಗಳ ಮೇಲೆ ಅಂಟಿಸಿದ ಸಾವಿನ ಪೋಸ್ಟರುಗಳನ್ನು. ಅವನ್ನಾದರೂ ಬರೆದಿದ್ದನ್ನು ಬರೆದ ಹಾಗೆ ಓದಿದೆನೆ? ಅದೂ ಇಲ್ಲ. ಇದನ್ನೆಲ್ಲ ನಾಲ್ಕನೇ ಕ್ಲಾಸಿನ ಮಕ್ಕಳ ಮುಂದೆ ಹೇಳಿದರೆ ಆ ಶಾಲೆಯವರು ನನ್ನನ್ನು ಮತ್ತೆ ಕರೆಯುವುದಿಲ್ಲ.

ಅಪ್ಪನಿಗೆ ಧಾರವಾಡದಿಂದ ತಿರುವನಂತಪುರದ ಶ್ರೀಕಾರ್ಯಂಗೆ ವರ್ಗವಾದಾಗ ನನಗೆ ಐದು ವರ್ಷ. ಅಲ್ಲಿನ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಅವರಿಗೆ ಕೆಲಸ, ಹತ್ತಿರದಲ್ಲೇ ಬಾಡಿಗೆ ಮನೆ. ಅಪ್ಪನಿಗೆ ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುತ್ತಿತ್ತು. ನನಗೆ ಶಾಲೆಯಲ್ಲಿ ಒಂದೇ ವರ್ಷಕ್ಕೆ ಮಲಯಾಳ ಬಾಯಿಗೂ ಬಂತು, ಕೈಗೂ ಬಂತು. ಉಳಿದವಳು ಅವ್ವ. ಅವಳು ಕನ್ನಡ ಏಳನೇ ಇಯತ್ತೆಯವರೆಗೆ ಕಲಿತವಳು, ಆದರೆ ಓದುವ ಹುಚ್ಚು ಎಂಥದೆಂದರೆ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ, ಜಿಡ್ಡು ಒರೆಸಿ, ಕೊನೆಯ ಸಾಲಿನ ತನಕ ಓದಿಯೇ ಒಲೆಗೆ ಹಾಕುವವಳು. ಅಂಥವಳು ಈ ಊರಿಗೆ ಬಂದು ಒಂದೇ ದಿನದಲ್ಲಿ ಅಕ್ಷರ ಬಾರದವಳಾಗಿಬಿಟ್ಟಳು. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಸೂಚನೆ, ಸಿನಿಮಾ ಪೋಸ್ಟರು ಎಲ್ಲವೂ ಅವಳ ಪಾಲಿಗೆ ಜಿಲೇಬಿ. ಹಾಗಾಗಿ ಆರು ವರ್ಷಕ್ಕೆಲ್ಲ ನಾನು ಅವಳ ಕಣ್ಣಾದೆ. ಬೆರಳು ತೋರಿಸುವುದು ಅವಳ ಕೆಲಸ, ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ.

ಕೇರಳದಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೋ ಹಾಕಿ ಪೋಸ್ಟರು ಅಚ್ಚು ಮಾಡಿಸಿ ಬಸ್ ಸ್ಟಾಪಿನ ಗೋಡೆಗೆ, ಕರೆಂಟಿನ ಕಂಬಕ್ಕೆ ಅಂಟಿಸುತ್ತಾರೆ. ಹೆಸರು, ವಯಸ್ಸು, ಮನೆಯ ಹೆಸರು, ಸಂಸ್ಕಾರದ ಹೊತ್ತು, ಕೆಲವದರಲ್ಲಿ ಮಕ್ಕಳ ಹೆಸರು, ಅಷ್ಟೆ. ಅವ್ವನ ಊರಲ್ಲಿ ಸಾವಿನ ಸುದ್ದಿಯನ್ನು ಯಾರಾದರೂ ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದರು. ಇಲ್ಲಿಯ ರೀತಿ ಕಂಡು ಅವಳು ಮೂಗಿನ ಮೇಲೆ ಬೆರಳಿಟ್ಟಳು. "ಇಲ್ಲೆ ಸತ್ತವರು ತಾವ ಬಂದು ಗ್ವಾಡಿ ಮ್ಯಾಲೆ ನಿಂತು ಹೇಳತಾರ ನೋಡು" ಎಂದಳು. ದಿನಾ ಸಂಜೆ ನನ್ನನ್ನು ಶಾಲೆಯಿಂದ ಕರೆತರುವಾಗ ಹೊಸ ಫೋಟೋ ಕಂಡರೆ ಸಾಕು, ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದಳು. "ಯಾರಂತವಾ ಇವರು? ಏನ ಬರದಾರ?"

ಮೊದಮೊದಲು ನಾನು ಇದ್ದದ್ದು ಇದ್ದ ಹಾಗೆ ಓದಿದೆ. ಒಂದು ದಿನ ದೊಡ್ಡ ಮೀಸೆಯವರೊಬ್ಬರ ಫೋಟೋ. ಎಪ್ಪತ್ತೊಂದು ವರ್ಷ, ಇಂಥ ಮನೆ, ಮಧ್ಯಾಹ್ನ ಮೂರಕ್ಕೆ ಸಂಸ್ಕಾರ ಎಂದೆ. ಅವ್ವನ ಮುಖ ಇಳಿಯಿತು. "ಅಷ್ಟನ? ಇಷ್ಟ ದೊಡ್ಡ ಮೀಸಿ ಬಿಟ್ಟ ಮನಷ್ಯಾ, ಮೂರ ಸಾಲಿನಾಗ ಮುಗದು ಹ್ವಾದನ?" ಎಂದಳು. ಆ ಇಳಿದ ಮುಖ ನನಗೆ ನೋಡಲಾಗಲಿಲ್ಲ. ಮೀಸೆಯವರ ತಪ್ಪೇನೂ ಇರಲಿಲ್ಲ, ಬರೆದವರು ಜಿಪುಣರು. ಗೋಡೆಯ ಕಡೆ ಮತ್ತೊಮ್ಮೆ ಬಗ್ಗಿ ನೋಡಿದವಳ ಹಾಗೆ ಮಾಡಿ, "ಕೆಳಗ ಸಣ್ಣದಾಗಿ ಬರದಾರವ್ವಾ, ರೈಲಿನಾಗ ಗಾರ್ಡ್ ಇದ್ರಂತ" ಎಂದುಬಿಟ್ಟೆ.

ಅವ್ವನ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮನೆ ಮುಟ್ಟುವ ತನಕ ಅವಳದು ಒಂದೇ ಮಾತು. ಹಾಗಾದರೆ ಹುಬ್ಬಳ್ಳಿ ಸ್ಟೇಷನ್ ಕಂಡಿರಬಹುದಾ? ಊಟ ಎಲ್ಲಿ ಮಾಡುತ್ತಿದ್ದರು? ಗಾಳಿಗೆ ಹಸಿರು ಬಾವುಟ ಹಾರಿಹೋದರೆ ರೈಲು ನಿಲ್ಲುತ್ತಿತ್ತಾ? ನನಗೂ ಕುತೂಹಲ ಹತ್ತಿಕೊಂಡಿತು. ನಾನೇ ಹುಟ್ಟಿಸಿದ ಗಾರ್ಡಿನ ಬಾವುಟದ ಚಿಂತೆ ನನಗೇ ಹಿಡಿಯಿತು.

ಆಮೇಲೆ ಪೋಸ್ಟರುಗಳು ಕಮ್ಮಿ ಎನಿಸತೊಡಗಿದವು. ಫೋಟೋದ ಮೂಗುಬೊಟ್ಟಿನ ಹೆಂಗಸೊಬ್ಬಳು ನನ್ನ ಕಥೆಯಲ್ಲಿ ಗಿಣಿ ಸಾಕಿದ್ದಳು, ಬಸ್ ಸ್ಟಾಪಿನ ಪಕ್ಕದ ಮನೆ, ಕಂಡಕ್ಟರು "ಪೋಟ್ಟೆ" ಎಂದು, ಅಂದರೆ ಹೋಗಲಿ ಎಂದು ಕೂಗುವುದನ್ನು ಗಿಣಿ ಕಲಿತುಬಿಟ್ಟಿತ್ತು, ಅರ್ಧ ಜನ ಹತ್ತುವ ಮೊದಲೇ ಬಸ್ಸುಗಳು ಹೊರಟುಹೋಗುತ್ತಿದ್ದವು. ಇದನ್ನು ಕೇಳಿ ಅವ್ವ ರಸ್ತೆಯಲ್ಲೇ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಸತ್ತವರ ಫೋಟೋ ಮುಂದೆ ನಗುತ್ತಿದ್ದ ನಮ್ಮಿಬ್ಬರನ್ನು ದಾರಿಹೋಕರು ತಿರುತಿರುಗಿ ನೋಡಿದರು. ನನ್ನದೂ ಒಂದು ಕಟ್ಟುಪಾಡಿತ್ತು: ಹೆಸರು, ವಯಸ್ಸು, ಮನೆಯ ಹೆಸರು ಖರೇನೇ ಇರಬೇಕು. ಉಳಿದದ್ದು ಸತ್ಯದ ತಲೆಯ ಮೇಲೆ ಹೊಡೆದಂತಿರಬೇಕು.

ವರ್ಗವಾಗಿ ಬಂದ ಕನ್ನಡದ ಮನೆಗಳು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಊಟ ಮಾಡುತ್ತಿದ್ದವು. ಅಲ್ಲಿ ಅವ್ವ ಈ ಕಥೆಗಳನ್ನೆಲ್ಲ ಹೇಳುತ್ತಿದ್ದಳು. ಮೈಸೂರು ಕಡೆಯ ಆಂಟಿಯೊಬ್ಬರು, "ಅಯ್ಯೋ, ಪೋಸ್ಟರಲ್ಲಿ ಇಷ್ಟೆಲ್ಲಾ ಬರ್ದಿರ್ತಾರೇನ್ರೀ?" ಎಂದು ಕಣ್ಣರಳಿಸಿದರು. ಯಾರೂ ನನ್ನ ಹೆಸರೆತ್ತಿರಲಿಲ್ಲ, ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎದ್ದು ನೀರು ಕುಡಿಯಲು ಹೋದೆ. ಅಪ್ಪ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. "ಈ ಊರಾಗ ಬದಕಿದ್ದವರಕಿಂತ ಸತ್ತವರ ಪರಿಚಯ ನಿನಗ ಹೆಚ್ಚಾತಲ್ಲ" ಎಂದು ಅವ್ವನಿಗೆ ಹೇಳಿ ಸುಮ್ಮನಾದರು. ಅಪ್ಪ ಅವತ್ತೇ ಗದರಿಸಿದ್ದರೆ ಚೆನ್ನಾಗಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಬ್ಬ ಅಜ್ಜಿಯ ಪೋಸ್ಟರು ಬಂತು. ಬಿಳಿ ಸೀರೆ, ಜೋತುಬಿದ್ದ ಕಿವಿ, ಯಾರೋ ಕರೆದದ್ದಕ್ಕೆ ಆಗ ತಾನೇ ಕತ್ತು ತಿರುಗಿಸಿದಂಥ ನೋಟ. ಆ ದಿನ ನನ್ನ ತಲೆಗೆ ಏನೋ ದುಃಖದ ಕಥೆ ಹೊಕ್ಕಿತ್ತು. ಈ ಅಜ್ಜಿಗೆ ಮಕ್ಕಳಿಲ್ಲವಂತೆ ಎಂದೆ. ಮನೆಯಲ್ಲಿ ಮುದುಕ ಗಂಡನೊಬ್ಬನೇ, ಅವನಿಗೆ ಅನ್ನ ಬೇಯಿಸಲೂ ಬರುವುದಿಲ್ಲವಂತೆ, ಅದೊಂದೇ ಚಿಂತೆಯಲ್ಲಿ ಜೀವ ಬಿಟ್ಟಳಂತೆ ಎಂದೆ. ಅವ್ವ ಲೊಚಗುಟ್ಟಿದಳು. ಮನೆ ಎಲ್ಲಿ ಎಂದು ಕೇಳಿದಳು. ಮನೆಯ ಹೆಸರನ್ನು, ಅದು ಯಾವ ದೇವಸ್ಥಾನದ ಹಿಂದೆ ಎನ್ನುವುದನ್ನು ಸರಿಯಾಗಿ ಓದಿ ಹೇಳಿದೆ. ನಾನು ಖರೆ ಓದಿದ್ದು ಅದಿಷ್ಟೇ, ಆಪತ್ತು ತಂದದ್ದೂ ಅದೇ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರು, ನೆರೆಯವರು ಬುತ್ತಿ ಕಟ್ಟಿಕೊಂಡು ಹೋಗಿ ಅವರಿಗೆ ಉಣಿಸಿ ಬರುತ್ತಾರೆ. ಮರುದಿನ ನಾನು ಶಾಲೆಗೆ ಹೋದ ಮೇಲೆ ಅವ್ವ ಊರಿಂದ ತಂದಿಟ್ಟಿದ್ದ ಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿದಳು. ಬೇಳೆ ಬೇಯಿಸಿದಳು, ಮೊಸರನ್ನ ಕಲಸಿದಳು. ಎಲ್ಲವನ್ನೂ ಡಬ್ಬಿಗೆ ತುಂಬಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಮನೆಯ ಹೆಸರು ಹೇಳಿ ದಾರಿ ಕೇಳುತ್ತ ಕೇಳುತ್ತ ಒಬ್ಬಳೇ ಹೋದಳು. ಭಾಷೆ ಬಾರದ ಊರಲ್ಲಿ, ಗುರುತಿಲ್ಲದ ಮುದುಕನೊಬ್ಬ ಹಸಿದಿದ್ದಾನೆಂದು.

ಆ ಮನೆಯಲ್ಲಿ ಅವಳಿಗೆ ಸಿಕ್ಕಿದವರು ಅಜ್ಜಿಯ ಐವರು ಮಕ್ಕಳು, ಸೊಸೆಯರು, ಅಳಿಯಂದಿರು, ಅಂಗಳದ ತುಂಬ ಮೊಮ್ಮಕ್ಕಳು. ಗಂಡ ತೀರಿಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅವ್ವನಿಗೆ ಅಷ್ಟು ಜನ ಯಾರೆಂದು ತಿಳಿಯಲಿಲ್ಲ, ಊರವರಿರಬೇಕು ಎಂದುಕೊಂಡಳು. ತನಗೆ ಬರುವ ನಾಲ್ಕೇ ನಾಲ್ಕು ಮಲಯಾಳ ಶಬ್ದ ಕೂಡಿಸಿ, "ಮಕ್ಕಳ್ ಇಲ್ಲ, ಪಾವಂ, ಪಾವಂ" ಎಂದಳು. ಮಕ್ಕಳಿಲ್ಲ, ಪಾಪ. ತಾಯಿಯನ್ನು ಹಿಂದಿನ ದಿನವಷ್ಟೇ ಸುಟ್ಟುಬಂದ ಮಕ್ಕಳ ಎದುರಿಗೆ. ಮೂವತ್ತು ವರ್ಷವಾಯಿತು, ಅವ್ವ ಆ ಅಂಗಳದಲ್ಲಿ ಡಬ್ಬಿ ಹಿಡಿದು ನಿಂತದ್ದು ನೆನಪಾದರೆ ನನಗೆ ಈಗಲೂ ಎಲ್ಲಾದರೂ ಅಡಗಿಕೊಳ್ಳೋಣ ಎನಿಸುತ್ತದೆ. ಹಿರಿಯ ಮಗ ಎದ್ದು ಬಂದು ಏನೋ ಜೋರಾಗಿ ಕೇಳಿದನಂತೆ. ಒಬ್ಬಳು ಸೊಸೆ ಅಳಲು ಶುರುಮಾಡಿದಳಂತೆ. ಅವ್ವ ಗಂಟನ್ನು ಜಗಲಿಯ ಮೇಲಿಟ್ಟು, ಕೈ ಮುಗಿದು, ಹಿಂದೆ ನೋಡದೆ ಬಂದುಬಿಟ್ಟಳು.

ಆ ಸಂಜೆ ಅವ್ವ ಶಾಲೆಯ ಗೇಟಿನ ಹತ್ತಿರ ಕಾಯುತ್ತಿದ್ದಳು. ನನ್ನನ್ನು ನೇರ ಆ ಪೋಸ್ಟರಿನ ಮುಂದೆ ಕರೆದುಕೊಂಡು ಹೋದಳು. "ಒಂದೊಂದ ಶಬ್ದಕ್ಕ ಬೆರಳ ಇಟ್ಟು ಓದು" ಎಂದಳು. ಬೆರಳಿಟ್ಟೆ. ಓದಿದೆ. ಹೆಸರು, ವಯಸ್ಸು, ಮನೆ. ಕೊನೆಯ ಸಾಲಿನಲ್ಲಿ 'ಮಕ್ಕಳು' ಎಂದು ಬರೆದು ಐದು ಹೆಸರಿದ್ದವು. ನಾನು ಆ ಐದೂ ಹೆಸರನ್ನು ಹಿಂದಿನ ದಿನವೇ ನೋಡಿದ್ದೆ, ಕಥೆಗೆ ಅಡ್ಡ ಬರುತ್ತವೆಂದು ಬಿಟ್ಟಿದ್ದೆ.

"ಉಳಿದವರದು?" ಎಂದು ಕೇಳಿದಳು. "ಆ ಗಾರ್ಡು? ಆ ಗಿಣಿ?"

ನಾನು ತಲೆ ತಗ್ಗಿಸಿದೆ. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿಲ್ಲ. "ಇನ್ನ ಮ್ಯಾಲೆ ನನಗೇನೂ ಓದಿ ಹೇಳಬ್ಯಾಡ" ಎಂದಳು. ಗಿಣಿ ಸುಳ್ಳಾಯಿತು ಎನ್ನುವುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವಾದಂತಿತ್ತು. ಅವತ್ತಿನಿಂದ ನಾವು ಆ ಗೋಡೆಯನ್ನು ಬೇಗ ಬೇಗ ದಾಟಿ ಹೋಗತೊಡಗಿದೆವು.

ಇಪ್ಪತ್ತು ದಿನವಾದ ಮೇಲೆ ಒಬ್ಬರು ಹೆಂಗಸು ನಮ್ಮ ಡಬ್ಬಿಯನ್ನು ಹಿಡಿದು ಬಾಗಿಲಿಗೆ ಬಂದರು. ಅಜ್ಜಿಯ ನಡುವಿನ ಮಗಳು, ಶಾಲೆಯಲ್ಲಿ ಮಲಯಾಳ ಕಲಿಸುತ್ತಿದ್ದವರು. ಜೋಳದ ರೊಟ್ಟಿ ಕಂಡು ಇದು ಯಾವ ಊರಿನವರದೆಂದು ವಿಚಾರಿಸಿ, ಕನ್ನಡದವರ ಮನೆಗಳನ್ನು ಒಂದೊಂದಾಗಿ ಹುಡುಕುತ್ತ ಬಂದಿದ್ದರು. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಬಾಳೆಕಾಯಿ ಚಿಪ್ಸ್ ತುಂಬಿ ತಂದಿದ್ದರು. ಅವ್ವ ಅವರನ್ನು ಅಡುಗೆಮನೆಗೆ ಕರೆದು ಕೂರಿಸಿ, ನಡೆದದ್ದನ್ನೆಲ್ಲ ಅವರಿಗೆ ಹೇಳು ಎಂದು ನನಗೆ ಅಪ್ಪಣೆ ಮಾಡಿದಳು. ಅದೇ ನನಗಾದ ಶಿಕ್ಷೆ. ನಾನು ಅಳುತ್ತ, ಮೂಗು ಒರೆಸಿಕೊಳ್ಳುತ್ತ ಮಲಯಾಳದಲ್ಲಿ ಎಲ್ಲ ಒಪ್ಪಿಸಿದೆ.

ಟೀಚರ್ ಎಲ್ಲ ಕೇಳಿಸಿಕೊಂಡರು. ಆಮೇಲೆ ಮುಂದಕ್ಕೆ ಬಗ್ಗಿ, "ಮೋಳೇ, ನನ್ನ ಅಮ್ಮನ ಬಗ್ಗೆ ಇನ್ನೂ ಏನೇನು ಹೇಳಬೇಕೆಂದಿದ್ದೆ?" ಎಂದು ಕೇಳಿದರು. ಮಗಳೇ ಎಂದು ಕರೆದು, ಕೇಳಿಯೇ ಬಿಟ್ಟರು! ನಾನು ಇಂಗು ತಿಂದ ಮಂಗನ ಹಾಗೆ ನೋಡಿದೆ. ಹೊಲಿಗೆ ಚೆನ್ನಾಗಿ ಬರುತ್ತಿತ್ತು ಎಂದು ಹೇಳುವುದರಲ್ಲಿದ್ದೆ ಎಂದೆ. ಟೀಚರ್ ನಕ್ಕರು. ಅಮ್ಮನಿಗೆ ಒಂದು ಗುಂಡಿ ಹಚ್ಚಲೂ ಬರುತ್ತಿರಲಿಲ್ಲ ಎಂದರು. ಕಪ್ಪೆ ಕಂಡರೆ ಮಂಚ ಹತ್ತುತ್ತಿದ್ದರಂತೆ. ಮೊಮ್ಮಕ್ಕಳ ಕೈಗೆ ಸಿಗದ ಹಾಗೆ ಚಿಪ್ಸನ್ನು ಅಕ್ಕಿಯ ಡ್ರಮ್ಮಿನಲ್ಲಿ ಹುಗಿದಿಟ್ಟು, ಹುಗಿದ ಜಾಗ ಮರೆತು, ಅನ್ನಕ್ಕೆ ಇಟ್ಟ ಅಕ್ಕಿಯಲ್ಲಿ ಅವು ಸಿಕ್ಕಾಗ ಯಾರೋ ಮಾಟ ಮಾಡಿಸಿದ್ದಾರೆ ಎಂದು ಕೂಗಾಡಿದ್ದರಂತೆ. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ನನಗೆ ಅಳು ನಿಂತೇಹೋಗಿತ್ತು. ಅಕ್ಕಿಯೊಳಗೆ ಚಿಪ್ಸ್! ನಾನು ನೂರು ಪೋಸ್ಟರು ಓದಿದರೂ ಅದನ್ನು ಕಟ್ಟಲು ನನ್ನಿಂದ ಆಗುತ್ತಿರಲಿಲ್ಲ. ಕೇಳಿದರೆ ಜನ ಹೇಳುತ್ತಾರೆ, ಹೇಳಿದರೆ ನಮ್ಮ ಊಹೆಗೆ ಮೀರಿದ್ದು ಬರುತ್ತದೆ ಎನ್ನುವುದನ್ನು ನಾನು ಕಲಿತದ್ದು ಆ ದಿನ, ಅಡುಗೆಮನೆಯ ಮಣೆಯ ಮೇಲೆ ಕೂತು.

ಅವ್ವನಿಗೂ ಟೀಚರಿಗೂ ಗೆಳೆತನ ಬೆಳೆಯಿತು. ಅವ್ವ ಅವರನ್ನು ಚೇಚಿ, ಎಂದರೆ ಅಕ್ಕ, ಎಂದೇ ಕರೆದಳು. ಭಾನುವಾರ ಮಧ್ಯಾಹ್ನ ಚೇಚಿ ಬಂದು ನನ್ನ ಹಳೆಯ ಸ್ಲೇಟಿನಲ್ಲಿ ಅವ್ವನಿಗೆ ಅಕ್ಷರ ತಿದ್ದಿಸುತ್ತಿದ್ದರು. ಆರು ತಿಂಗಳಲ್ಲಿ ಅವ್ವ ಬಸ್ಸಿನ ಬೋರ್ಡು ಓದಿದಳು, ವರ್ಷ ತುಂಬುವಷ್ಟರಲ್ಲಿ ಪೇಪರು ಓದಿದಳು. ಎಲ್ಲರೂ ಶಹಬ್ಬಾಸ್ ಎಂದರು. ನನ್ನ ಸಂಕಟ ಯಾರಿಗೆ ಹೇಳಲಿ? ಅವಳು ಒಂದೊಂದು ಅಕ್ಷರ ಕಲಿತಂತೆ ನಾನು ಒಂದೊಂದು ಅಂಗುಲ ಹೊರಗೆ ಸರಿಯುತ್ತಿದ್ದೆ. 'ಏನ ಬರದಾರ' ಎಂದು ಅವಳು ನನ್ನನ್ನು ಮತ್ತೆಂದೂ ಕೇಳಲಿಲ್ಲ. ಹೇಳಿದ್ದನ್ನು ಬಾಯಿ ತೆರೆದು ಕೇಳುವ ಆ ಒಬ್ಬಳನ್ನು ನಾನೇ ಕಳೆದುಕೊಂಡಿದ್ದೆ. ಅವಳು ಮತ್ತೊಮ್ಮೆ ನನ್ನಿಂದ ಕಥೆ ಕೇಳಬೇಕು, ತಾನಾಗಿಯೇ ಕೇಳಬೇಕು ಎನ್ನುವುದೊಂದೇ ನನಗೆ ಬೇಕಾಗಿತ್ತು. ನಾನು ಬರೆದದ್ದೆಲ್ಲದರ ಬೆನ್ನಿಗೆ ಆ ಆಸೆ ಇತ್ತು ಎಂದು ಈಗ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕಾಲೇಜು ಮುಗಿದ ಮೇಲೆ ಕೊಚ್ಚಿಗೆ ಬಂದೆ. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ, ಯಂತ್ರಗಳನ್ನು ಹೇಗೆ ನಡೆಸಬೇಕೆಂದು ಕೈಪಿಡಿ ಬರೆಯುವುದು. ಹಸಿರು ಗುಂಡಿ ಒತ್ತಿ, ಮೂರು ಸೆಕೆಂಡ್ ಕಾಯಿರಿ. ಒಂದು ಶಬ್ದ ಕೂಡಿಸುವಂತಿಲ್ಲ, ಒಂದು ಬಿಡುವಂತಿಲ್ಲ. ಆರು ವರ್ಷ ಹಾಗೆ ನಿಜವನ್ನೇ ಬರೆದೆ, ಅವ್ವ ಅದನ್ನು ಬಹಳ ಮೆಚ್ಚಿಕೊಂಡಳು. ಕಂಪನಿಯ ಕ್ಯಾಬಿನಲ್ಲಿ ಹೋಗಿ ಬರುವಾಗ ಮಾತ್ರ ಕಿಟಕಿಯಾಚೆ ಕಾಣುವ ಮುಖಗಳಿಗೆ ನನ್ನ ತಲೆ ತಾನೇ ನಾಲ್ಕನೆಯ ಸಾಲು ಸೇರಿಸುತ್ತಿತ್ತು. ಅಂಥದೊಂದನ್ನು ಬರೆದು ಮಲಯಾಳದ ಪ್ರಕಾಶಕರೊಬ್ಬರಿಗೆ ಕಳಿಸಿದೆ, ಅದು ಚಿತ್ರಪುಸ್ತಕವಾಯಿತು. ಆಮೇಲೆ ಇನ್ನೊಂದು, ಮತ್ತೊಂದು. ಕೆಲವನ್ನು ನಾನೇ ಕನ್ನಡದಲ್ಲಿ ಮತ್ತೆ ಬರೆದೆ. ಕೊನೆಗೆ ಗುಂಡಿ ಒತ್ತುವ ಕೆಲಸ ಬಿಟ್ಟೆ.

ಅಪ್ಪ ಹೋದ ಮೇಲೆ ಅವ್ವ ಕಾಕ್ಕನಾಡಿನ ನಮ್ಮ ಫ್ಲ್ಯಾಟಿಗೆ ಬಂದಳು. ನನ್ನ ಪುಸ್ತಕ ಬಂದಾಗಲೆಲ್ಲ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ ಓದುತ್ತಾಳೆ. ಹೇಗಿದೆ ಎಂದರೆ, "ಅಕ್ಷರ ದೊಡ್ಡವು ಅದಾವ, ಕಣ್ಣಿಗೆ ಚೊಲೊ ಆತು" ಎನ್ನುತ್ತಾಳೆ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಅವಳಿಂದ ಕಲಿಯಬೇಕು. ಐದನೆಯ ಪುಸ್ತಕಕ್ಕೂ ಅದೇ ಮಾತು ಬಂದಾಗ ನನಗೆ ಸಿಟ್ಟು ಬಂತು. ನಾನು ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಮಾಡಿದ್ದನ್ನು ಇನ್ನೂ ಎಷ್ಟು ವರ್ಷ ಹಿಡಿದುಕೊಂಡು ಕೂರುತ್ತೀ ಎಂದು ಕೇಳಿಯೇಬಿಟ್ಟೆ.

ಅವ್ವ ಕನ್ನಡಕ ತೆಗೆದು ಕೆಳಗಿಟ್ಟಳು. "ಆ ಮನ್ಯಾಗ ನಾ ನಿಂತಂಗ ನೀ ನಿಂತಿಲ್ಲ" ಎಂದಳು. "ಹುಡುಗರು ನಂಬತಾವ, ತಂಗಿ. ನಾನೂ ನಂಬಿದ್ದೆ."

ನಾನು ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನನ್ನದೊಂದು ಪದ್ಧತಿ ಇದೆ. ಯಾವ ಕಥೆಯನ್ನೂ ಅಚ್ಚಿಗೆ ಕಳಿಸುವ ಮೊದಲು ಫ್ಲ್ಯಾಟಿನ ಮಕ್ಕಳಿಗೆ ಓದಿ ಹೇಳುತ್ತೇನೆ, ಕೆಳಗಿನ ದೊಡ್ಡ ಹಾಲ್‌ನಲ್ಲಿ, ಸಂಜೆ ಐದಕ್ಕೆ. ಎಲ್ಲಿ ಅವರು ಚಪ್ಪಲಿ ಜೊತೆ ಆಟವಾಡತೊಡಗುತ್ತಾರೋ ಆ ಸಾಲನ್ನು ಹೊಡೆದುಹಾಕುತ್ತೇನೆ. ಅವ್ವ ಗಾಳಿಗೆಂದು ಕೆಳಗಿಳಿದವಳು ಎಲ್ಲರ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು, ಮುಖ ಮಾತ್ರ ಗೇಟಿನ ಕಡೆ. ಕಳೆದ ವರ್ಷ ಒಂದು ಸಂಜೆ ನಾನು ಕೊಡೆ ಹಿಡಿದುಕೊಂಡು ಓಡಾಡುವ ಮೀನಿನ ಕಥೆ ಓದುತ್ತಿದ್ದೆ. ಮಕ್ಕಳೆಲ್ಲ ಒಟ್ಟಿಗೆ "ಪಚ್ಚಕ್ಕಳ್ಳಂ!" ಎಂದು ಕಿರುಚಿದರು. ಹಸಿಹಸಿ ಸುಳ್ಳು ಎಂದು ಅದರರ್ಥ. ಕಿರುಚಿ, ಇನ್ನಷ್ಟು ಹತ್ತಿರ ಸರಿದು ಕೂತರು. ಅವ್ವ ಗೇಟಿನಿಂದ ಮುಖ ತಿರುಗಿಸಿದಳು. ನಮ್ಮ ಎದುರು ಮನೆಯ ಆರು ವರ್ಷದ ಹುಡುಗಿ ಅವಳ ಪಕ್ಕದಲ್ಲಿದ್ದಳು. ಆ ಮಗುವಿನ ಅಪ್ಪ ಅಮ್ಮ ಬೆಂಗಳೂರಿನವರು, ಬ್ಯಾಂಕಿನಲ್ಲಿರುವವರು. ಹುಡುಗಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲೇ.

"ಸುಳ್ಳಂತ ಗೊತ್ತಾದ ಮ್ಯಾಲೂ ಯಾಕ ಕೇಳತೀ?" ಎಂದು ಅವ್ವ ಅವಳನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು.

ಹುಡುಗಿ ಅವ್ವನನ್ನು ವಿಚಿತ್ರವಾಗಿ ನೋಡಿದಳು. "ಪಿನ್ನೆ?" ಎಂದಳು. ಮತ್ತಿನ್ನೇನು, ಎನ್ನುವ ಹಾಗೆ. ಮರುದಿನ ಅವ್ವ ಕುರ್ಚಿಯನ್ನು ಎರಡು ಮಾರು ಮುಂದೆ ಹಾಕಿಕೊಂಡಳು. ನಾನು ನೋಡಿಯೂ ನೋಡದವಳ ಹಾಗೆ ಓದಿದೆ.

ಈ ವರ್ಷ ನಾನು ಹಡಗಿನ ಕಂಟೇನರುಗಳ ಬಗ್ಗೆ ಒಂದು ಪುಸ್ತಕ ಶುರುಮಾಡಿದ್ದೆ. ಆ ದೊಡ್ಡ ಬಣ್ಣದ ಪೆಟ್ಟಿಗೆಗಳಲ್ಲಿ ಏನಿರುತ್ತದೆ ಎಂದು ಬಂದರಿನಲ್ಲಿ ಕೆಲಸ ಮಾಡುವ ಪರಿಚಯದವರನ್ನು ಕೇಳಿದೆ. ಚಹಾ, ಸೀಗಡಿ, ತೆಂಗಿನ ನಾರು, ಟೈರು ಎಂದು ಅವರು ಪಟ್ಟಿ ಕೊಟ್ಟರು. ಅಷ್ಟೂ ಬರೆದೆ, ಮಕ್ಕಳು ಚಪ್ಪಲಿ ಜೊತೆ ಆಟವಾಡಿದರು. ನಾನು ಅವ್ವನ ಕಣ್ಣೆದುರು ಬರೆಯತೊಡಗಿದ ಮೇಲೆ ಹೀಗೇ ಆಗುತ್ತಿತ್ತು. ಕೈ ತಾನಾಗಿ ಪಟ್ಟಿಯ ಕಡೆಗೆ ಹೋಗುತ್ತಿತ್ತು. ಪುಸ್ತಕ ಕೈಬಿಡುವ ಮೊದಲು ಒಮ್ಮೆ ಕಣ್ಣಾರೆ ನೋಡಿ ಬರೋಣವೆಂದು ಒಂದು ಶನಿವಾರ ಕಂಟೇನರು ಬಂದರಿರುವ ವಲ್ಲಾರ್ಪಾಡಂ ದ್ವೀಪಕ್ಕೆ ಹೊರಟೆ. ಎದುರು ಮನೆಯ ಹುಡುಗಿ ನಾನೂ ಬರುತ್ತೇನೆ ಎಂದಳು, ಅವ್ವನನ್ನು ತೋರಿಸಿ ಅಜ್ಜಿ ಬಂದರೆ ಮಾತ್ರ ಎಂದಳು. ಹೀಗೆ ಮೂವರೂ ಬಸ್ಸು ಹತ್ತಿದೆವು.

ಸೇತುವೆ ದಾಟಿ ದ್ವೀಪದಲ್ಲಿಳಿದೆವು. ಬಂದರಿನ ಒಳಗೆ ಯಾರನ್ನೂ ಬಿಡುವುದಿಲ್ಲ. ರಸ್ತೆಯ ಬದಿಗೊಂದು ಗಿಡ್ಡ ಗೋಡೆ ಸಿಕ್ಕಿತು, ಅದರ ಮೇಲೆ ಕೂತೆವು. ದೂರದಲ್ಲಿ ಕ್ರೇನುಗಳು, ಅವುಗಳ ಕೆಳಗೆ ಕೆಂಪು, ನೀಲಿ, ಕಂದು ಪೆಟ್ಟಿಗೆಗಳ ಸಾಲು ಸಾಲು. ಒಂದು ನೀಲಿ ಪೆಟ್ಟಿಗೆ ನಿಧಾನವಾಗಿ ಮೇಲಕ್ಕೇರುತ್ತಿತ್ತು. ಹುಡುಗಿ ಅವ್ವನ ಮಂಡಿ ಅಲ್ಲಾಡಿಸಿ, "ಅಜ್ಜೀ, ಅದಿಲ್ ಎಂದಾ?" ಎಂದಳು. ಅದರಲ್ಲಿ ಏನಿದೆ?

ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಅಂಕಿ ಬರದಾರ. ಬ್ಯಾರೆ ಏನೂ ಬರದಿಲ್ಲ" ಎಂದಳು.

ಹುಡುಗಿಯ ಮುಖ ಸಪ್ಪಗಾಯಿತು. ಅವ್ವ ಆ ಮುಖವನ್ನು ಬಹಳ ಹೊತ್ತು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. "ಏನ ಅದ ಅದರಾಗ?" ಎಂದಳು. ನನ್ನನ್ನೇ ಕೇಳಿದಳು.

ನಾನು ಹುಷಾರಾಗಿ ಹೇಳಿದೆ. "ಗೊತ್ತಿಲ್ಲವ್ವಾ. ಚಹಾ ಇರಬಹುದು, ಇಲ್ಲಾ ಟೈರು..."

"ಅದನ್ನ ಕೇಳಲಿಲ್ಲ ನಾ" ಎಂದಳು ಅವ್ವ. "ನಿನಗ ಗೊತ್ತಿಲ್ಲ ಅನ್ನೂದು ನನಗೂ ಗೊತ್ತದ, ಈ ಕೂಸಿಗೂ ಗೊತ್ತದ. ನೀ ಹೇಳು."

ಮೂವತ್ತು ವರ್ಷ ಕಾದದ್ದು ಎದುರಿಗೆ ಬಂದು ಕೂತಿತ್ತು. ನೀಲಿ ಪೆಟ್ಟಿಗೆಯನ್ನು ನೋಡಿದೆ. ಅದರೊಳಗೆ ಒಂದು ಮನೆ ಇದೆ ಎಂದೆ. ಮನೆ ಬಿಟ್ಟು ಹೊರಗೇ ಬಾರದ ಮುದುಕಿಯೊಬ್ಬಳು ಊರು ನೋಡುವ ಆಸೆಗೆ ಮನೆಯನ್ನೇ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ಹೊರಟಿದ್ದಾಳೆ, ಈಗ ಕ್ರೇನು ಎತ್ತುತ್ತಿರುವಾಗ ಒಲೆಯ ಮೇಲಿನ ಹಾಲು ಒಂದೇ ಕಡೆಗೆ... ಅಷ್ಟರಲ್ಲಿ ಒಂದು ಟ್ರೇಲರ್ ಲಾರಿ ಗಡಗಡ ಎನ್ನುತ್ತ ನಮ್ಮ ಹಿಂದೆಯೇ ಹಾದುಹೋಯಿತು. ನಾನು ನಿಲ್ಲಿಸದೆ ಹೇಳುತ್ತಲೇ ಇದ್ದೆ.

ಅವ್ವ ಸೆರಗು ಸರಿಸಿ ಕಿವಿಗೆ ಕೈ ಹಚ್ಚಿ ನನ್ನ ಹತ್ತಿರ ಸರಿದಳು.

"ತಡಿ, ತಡಿ. ಆ ಲಾರಿ ಸಪ್ಪಳದಾಗ ಏನೂ ಕೇಳಸವಲ್ದು. ಮೊದಲಿಂದ ಹೇಳು."